ಕೇಳಿಸದ ಉಲಿಯಕ್ಕಿ

ನವೆಂಬರ್ 9, ಬೆಳಿಗ್ಗೆ 6.30

ತಾರಸಿ. ಚಳಿ. ನೀರಿನ ಟ್ಯಾಂಕಿನ ಮೇಲೆ ಬೂದು ಸಿಪಿಲೆ ಹಕ್ಕಿ, ಬಾಲ ಕುಣಿಸುತ್ತ. ಹಿಮಾಲಯದಿಂದ ಹೊರಟು ಚಿತ್ರದುರ್ಗದ ಪ್ಲಾಸ್ಟಿಕ್ ಟ್ಯಾಂಕಿಗೆ! ಹಿಂದಿನ ಮನೆಯ ಹೊಂಗೆ ಮರ ಮಾತ್ರ ಸುಮ್ಮನಿದೆ. ಹಸಿರು ಉಲಿಯಕ್ಕಿ ಇನ್ನೂ ಬಂದಿಲ್ಲ. ಹೆಬ್ಬೆರಳಿನಷ್ಟು ಹಕ್ಕಿ, ಎಲೆಯದೇ ಬಣ್ಣ, ಕಣ್ಣಿಗೆ ಬೀಳುವುದು ಅಪರೂಪ. "ಚಿಸ್-ವೀ" ಅಂತ ಕೇಳಿದರೆ ಬಂತು ಅಂತ. ದೀಪಾವಳಿ ಹೊತ್ತಿಗೆಲ್ಲ ಬರುತ್ತಿತ್ತು. ಏನಾಯಿತೋ...

ಎಂಟಕ್ಕೆ ಹೊಳಲ್ಕೆರೆ ಕಡೆಯ ಬಸ್. ಇವತ್ತು ನಮ್ಮ ಹಳ್ಳಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ. ನರ್ಸಾದ ನಾನೇ ತಡ ಮಾಡುವಂತಿಲ್ಲ.

ನವೆಂಬರ್ 17

ಪ್ರದೀಪ್ ಟವೆಲ್ ಒಣಹಾಕಲು ಮೇಲೆ ಬಂದರು. ಕಾಗೆಗೂ ಕೋಗಿಲೆಗೂ ವ್ಯತ್ಯಾಸ ಗೊತ್ತಿಲ್ಲದ ಗಂಡ.

"ಇನ್ನೂ ಬಂದಿಲ್ಲ ಕಣ್ರೀ ಅದು" ಅಂದೆ.

"ಯಾವ್ದು? ಆ ಚಿಸ್-ವೀ ಚಿಸ್-ವೀ ಅನ್ನೋದಾ? ಮೂರ್ನಾಲ್ಕು ದಿನದಿಂದ ಬಡ್ಕಂತಾ ಐತಲ್ಲ. ಈಗ್ಲೂ ಐತಲ್ಲ ಅನು, ಅಗಾ!"

ಅವರ ಬೆರಳು ತೋರಿದ ಕಡೆ ಬೈನಾಕ್ಯುಲರ್ ಹಿಡಿದೆ. ಇತ್ತು. ರೆಂಬೆಯ ತುದಿಯಲ್ಲಿ. ಕೊಕ್ಕು ತೆರೆಯಿತು, ಮುಚ್ಚಿತು, ತೆರೆಯಿತು. ದನಿ ಇಲ್ಲ. ಮ್ಯೂಟ್ ಮಾಡಿದ ಟಿವಿ.

"ಹೌದೌದು" ಅಂದೆ.

ನವೆಂಬರ್ 18

ಅವ್ವನಿಗೂ ಐವತ್ತಕ್ಕೇ ಕಿವಿ ಹೋಗಿದ್ದು. ಮೊದಮೊದಲು ಎಲ್ಲರೂ ಕೂಗಿ ಹೇಳುತ್ತಿದ್ದರು. ಆಮೇಲೆ ಸನ್ನೆ. ಆಮೇಲೆ ಹೇಳುವುದನ್ನೇ ಬಿಟ್ಟರು. ಮನೆ ತುಂಬ ಜನ ನಗುವಾಗ ಅವ್ವ ಒಬ್ಬೊಬ್ಬರ ಮುಖ ನೋಡಿ, ತಡವಾಗಿ ನಗುತ್ತಿದ್ದಳು. ನನಗೀಗ ನಲವತ್ತೊಂಬತ್ತು.

ಯಾರಿಗೂ ಹೇಳುವುದಿಲ್ಲ.

ಡಿಸೆಂಬರ್ 3, ಹೊಸದುರ್ಗ

ನಾದಿನಿ ಮನೆಗೆ ಬಂದದ್ದು. ದಾರಿಯಲ್ಲಿ ಮಾರಿಕಣಿವೆ ಹಿನ್ನೀರಿನ ಹತ್ತಿರ ಗಾಡಿ ನಿಲ್ಲಿಸಲು ಹೇಳಿದೆ. ಪಟ್ಟೆತಲೆ ಹೆಬ್ಬಾತುಗಳು! ನೀರಿನಂಚಿಗೆ ಒಂದು ದೊಡ್ಡ ಹಿಂಡು. ದನ ಬಂತೆಂದು ಎಲ್ಲವೂ ಒಟ್ಟಿಗೆ ಎದ್ದು ತಲೆಯ ಮೇಲೇ ಹಾದವು. ಆಂಗ್... ಆಂಗ್... ಕೇಳಿಸಿತು! ಪ್ರತಿಯೊಂದೂ. ಅಲ್ಲೇ ದಂಡೆಯ ಮೇಲೆ ಕುಳಿತುಬಿಟ್ಟೆ. ನನಗೆ ಏನೂ ಆಗಿಲ್ಲ. ಸುಮ್ಮನೆ ಹೆದರಿದೆ.

ಡಿಸೆಂಬರ್ 19

ಇವತ್ತಿನದನ್ನು ಬರೆದಿಡಬೇಕು.

ಆಸ್ಪತ್ರೆಗೆ ರೋಜಾ ಬಂದಿದ್ದಳು, ತನ್ನ ಅತ್ತೆ ಪುಟ್ಟಕ್ಕನ ಜೊತೆ. ಚೊಚ್ಚಲು, ತುಂಬಿದ ಬಸುರಿ. ಮಗುವಿನ ಎದೆಬಡಿತ ಕೇಳಿಸುವ ಮೆಷಿನ್ ರಿಪೇರಿಗೆ ಹೋಗಿದೆ. ಅದರ ಬದಲು ಎದೆಬಡಿತ ಆಲಿಸುವ ಹಳೇ ನಳಿಗೆಯ ಒಂದು ತುದಿ ಹೊಟ್ಟೆಯ ಮೇಲಿಟ್ಟು ಇನ್ನೊಂದಕ್ಕೆ ಕಿವಿ ಕೊಟ್ಟೆ. ಎಡಕ್ಕೆ. ಬಲಕ್ಕೆ. ಕೆಳಗೆ. ಏನೂ ಇಲ್ಲ. ರೋಜಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಯಾಕ್ ನರ್ಸಮ್ಮ, ಸುಮ್ಕಾಗ್ಬಿಟ್ರಿ?" ಪುಟ್ಟಕ್ಕ.

"ಮಗು ಆಡ್ತಾ ಐತೇನಮ್ಮ?"

"ಬೆಳಿಗ್ಗೆಯಿಂದ ಗ್ಯಾನ ಕೊಟ್ಟಿಲ್ಲ ಸಿಸ್ಟರ್..." ರೋಜಾ ನನ್ನ ಕೈ ಹಿಡಿದಳು. "ಇಲ್ವಾ? ಕೇಳಸ್ತಿಲ್ವಾ?"

ಆಂಬುಲೆನ್ಸ್ ಕರೆದೆ. ಹೊಳಲ್ಕೆರೆಯವರೆಗೂ ಅವಳು ನನ್ನ ಕೈ ಬಿಡಲಿಲ್ಲ. ಪುಟ್ಟಕ್ಕ ದಾರಿಯುದ್ದಕ್ಕೂ ದೇವರ ಹೆಸರು ಹೇಳುತ್ತಿದ್ದಳು. ತುಟಿ ನೋಡಿ ಗೊತ್ತಾಯಿತು ನನಗೆ.

ಸ್ಕ್ಯಾನಿಂಗ್. ಪರದೆಯ ಮೇಲೆ ಪುಟ್ಟ ಗುಂಡಿಗೆ, ಟಪಟಪ ಅಂತ ಬಡಿಯುತ್ತ. ಮಗು ಕಾಲು ಜಾಡಿಸಿತು. ರೋಜಾ ಅತ್ತಳು, ಪುಟ್ಟಕ್ಕ ಅತ್ತಳು, ನಾನು ಗೋಡೆ ಹಿಡಿದು ನಿಂತೆ. ಡಾಕ್ಟರು ನಾನು ಜೊತೆಗೆ ತಂದಿದ್ದ ಅದೇ ನಳಿಗೆ ಇಟ್ಟು ಆಲಿಸಿದರು. "ಇಲ್ಲೇ ಜೋರಾಗಿ ಕೇಳ್ತಿದೆಯಲ್ಲ ಸಿಸ್ಟರ್. ನೋಡಿ."

ಕಿವಿಗಿಟ್ಟುಕೊಂಡೆ. ಹೌದೌದು ಅನ್ನಬಹುದಿತ್ತು. ಬಾಯಿಗೆ ಬಂದಿತ್ತು.

"ನನಗೆ ಕೇಳಿಸ್ತಾ ಇಲ್ಲ ಡಾಕ್ಟ್ರೇ" ಅಂದೆ.

ಪುಟ್ಟಕ್ಕ ಬೈಯುತ್ತಾಳೆ ಅಂದುಕೊಂಡೆ. ಸೆರಗಿನಿಂದ ಮೂಗು ಒರೆಸಿಕೊಂಡು, "ನಿಮ್ ಕಿವಿ ಹೋದ್ರೆ ಹೋಗ್ಲಿ ತಗಳ್ರಿ, ಕೂಸೈತಲ್ಲ" ಅಂದಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು. ನಕ್ಕುಬಿಟ್ಟೆ.

ಡಿಸೆಂಬರ್ 20

ಪ್ರದೀಪ್‌ಗೆ ಹೇಳಿದೆ. ಪಕ್ಕಕ್ಕೆ ಬಂದು ಕೂತರು.

"ಒಂದೆರಡು ತಿಂಗಳಿಂದ ಕರೆದ್ರೆ ತಿರುಗ್ತಿರ್ಲಿಲ್ಲ ನೀನು. ನನ್ ಮೇಲೆ ಏನೋ ಸಿಟ್ಟೈತೆ ಅಂದ್ಕಂಡಿದ್ದೆ ಅನು."

ಕೇಳಬಾರದಿತ್ತೇ ಇವರು? ನಾನೂ ಹೇಳಬಾರದಿತ್ತೇ?

ಡಿಸೆಂಬರ್ 27

ಮೊನ್ನೆ ಕಿವಿ ಡಾಕ್ಟರು ಲೈಟು ಹಾಕಿ ಇಣುಕಿದ್ದರು. "ಗುಗ್ಗೆ ಅಮ್ಮ. ಕಲ್ಲಾಗಿ ಕೂತಿದೆ, ಎರಡೂ ಕಡೆ." ಅವತ್ತಿನಿಂದ ಡ್ರಾಪ್ಸ್ ಹಾಕಿ ನೆನೆಸಿಟ್ಟಿದ್ದೆ, ಇವತ್ತು ನೀರು ಹಾಯಿಸಿ ತೆಗೆದರು. ಬೇರೆಯವರ ಮಕ್ಕಳ ಕಿವಿಗೆ ಸಾವಿರ ಬುದ್ಧಿ ಹೇಳುವ ನರ್ಸು!

ಆಮೇಲೆ ಹೆಡ್‌ಫೋನ್ ಹಾಕಿ ಪರೀಕ್ಷೆ. ಎಡಗಿವಿ ಚೆನ್ನಾಗಿದೆ. ಬಲದಲ್ಲಿ ತೀರಾ ಕೀಚು ದನಿಗಳು ಸ್ವಲ್ಪ ಹೋಗಿವೆ, ಬರುವುದಿಲ್ಲ. ವರ್ಷಕ್ಕೊಮ್ಮೆ ತೋರಿಸಬೇಕು. ಅಷ್ಟೇ. ಅಷ್ಟೇ!

ಹೊರಗೆ ಬಂದರೆ ಸಂತೇಪೇಟೆಯ ಗದ್ದಲ ಮೈಮೇಲೇ ಬಿತ್ತು. ಆಟೋ, ಸೌತೆಕಾಯಿ ಮಾರುವವನು, ನನ್ನದೇ ಚಪ್ಪಲಿ. ಪ್ರದೀಪ್ ಶರಟಿನ ಸರಬರ ಕೂಡ. ನನ್ನ ದನಿಯೂ ನನಗೇ ಜೋರು.

"ಯಾಕೆ ಪಿಸುಗುಟ್ತಾ ಇದೀಯ?" ಅಂದರು.

ಡಿಸೆಂಬರ್ 28, ಬೆಳಿಗ್ಗೆ

ಚಿಸ್-ವೀ. ಚಿಸ್-ವೀ. ಚಿಸ್-ವೀ. ಎಡಗಡೆಯಿಂದ ಸೂಜಿಯ ಹಾಗೆ. ಬಲಗಿವಿ ತಿರುಗಿಸಿದರೆ ಕರಗುತ್ತದೆ. ಇರಲಿ. ಕಾಫಿ ಆರಿತು.

ಜನವರಿ 11, ಯಲ್ಲದಕೆರೆ

ಪ್ರದೀಪ್ ತಾವಾಗಿಯೇ "ಹೋಗಾಣ ನಡಿ" ಅಂದರು, ಇದೇ ಮೊದಲು. ಹಿರಿಯೂರು ದಾಟಿ ಬಂದೆವು. ಜೋಳದ ಹೊಲದ ಮೇಲೆ ಗುಲಾಬಿ ಕಬ್ಬಕ್ಕಿಗಳು — ಹೊಗೆಯ ಹಾಗೆ ಎದ್ದು, ಮಡಚಿ, ಬಿಚ್ಚಿ. ಹೊಲದ ಯಜಮಾನ ಕರಿಸಿದ್ದಪ್ಪ ಡಬ್ಬ ಬಡಿಯುತ್ತಿದ್ದ.

"ಚೆಂದ ಅವೆ ಅಂತ ನೋಡ್ತೀರಲ್ರಿ, ನನ್ ತೆನೆ ನೋಡ್ರಿ ಒಂದ್ಸಲ!"

ಪ್ರದೀಪ್ ಇನ್ನೊಂದು ಡಬ್ಬ ತೆಗೆದುಕೊಂಡು ಅವನ ಜೊತೆ ನಿಂತರು. ಹಕ್ಕಿ ತೋರಿಸಲು ಕರೆತಂದ ಗಂಡ ಹಕ್ಕಿ ಓಡಿಸುತ್ತಿದ್ದಾರೆ! ಬದುವಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಡಬ್ಬ, ರೆಕ್ಕೆ, ಇಬ್ಬರ ಕೇಕೆ —

ಫೋನ್. ಪುಟ್ಟಕ್ಕ. "ಹೆಣ್ಮಗು ನರ್ಸಮ್ಮ! ಈಗಿನ್ನೂ ಆತು. ತಾಯಿ ಮಗ್ಳು ಇಬ್ರೂ ಆರಾಮ್ ಅವ್ರೆ. ತಡೀರಿ, ಕೇಳಸ್ಕಳ್ರಿ..." ಫೋನನ್ನು ಕೂಸಿನ ಹತ್ತಿರ ಹಿಡಿದಳು. ನಾನು ಎಡಗಿವಿಗೆ ಬದಲಾಯಿಸಿಕೊಂಡೆ. ಚೂಪಾದ, ಸಿಟ್ಟಿನ, ಉಸಿರು ಕಟ್ಟುವಂಥ ಅಳು. ಪೂರ್ತಿ ಕೇಳಿಸಿತು. ಪ್ರದೀಪ್ ಡಬ್ಬ ಕೆಳಗಿಟ್ಟು ಓಡಿಬಂದರು, ನಾನು ಅಳುವುದು ನೋಡಿ. ಅವರ ಕಿವಿಗೂ ಹಿಡಿದೆ. ತೂಕ ಎಷ್ಟು ಅಂತ ಕೇಳುವುದನ್ನೇ ಮರೆತೆ. ವಾಪಸ್ ಫೋನ್ ಮಾಡಿ ಕೇಳಬೇಕು.