ಕಪ್ಪಾಗದ ಬಾಟಲಿ

೧೪ ಜುಲೈ ೨೦೦೮, ಸೋಮವಾರ. ಸಂಜೆ

ಇವತ್ತು ಗೌರಿಬಿದನೂರು. ಹೋದ ವಾರ ಚಿಂತಾಮಣಿ. ಬುಧವಾರ ಶಿಡ್ಲಘಟ್ಟ. ಕಿಟ್ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಚಿಕ್ಕಬಳ್ಳಾಪುರಕ್ಕೆ ವಾಪಸ್. ಕಂಡಕ್ಟರ್ ಅದಕ್ಕೂ ಲಗೇಜ್ ಕೇಳಿದ.

"ಕುಡಿಯೋ ನೀರು ಪರೀಕ್ಷೆ ಮಾಡೋ ಪೆಟ್ಟಿಗೆ ಕಣಪ್ಪ."

"ಅದಕ್ಕೆ ಪೆಟ್ಗೆ ಯಾಕ್ ಸಾರ್? ನನ್ ಹಲ್ ನೋಡಿ."

ನಕ್ಕ. ಹಲ್ಲಿನ ಮೇಲೆ ಕಂದು ಪಟ್ಟೆಗಳು. ಫ್ಲೋರೈಡು. ಮೂವತ್ತೊಂದು ವರ್ಷ ವಿಜ್ಞಾನ ಪಾಠ ಮಾಡಿದವನು ನಾನು, ಲಗೇಜ್ ದುಡ್ಡು ಎಣಿಸಿ ಕೊಟ್ಟೆ.

ನಲವತ್ತು ಜನಕ್ಕೆ ತರಬೇತಿ. ಪ್ರತಿ ಪಂಚಾಯಿತಿಯಿಂದ ಅಂಗನವಾಡಿಯವರು, ನೀರು ಬಿಡುವವರು. ಒಟ್ಟು ಮೂರು ಗಂಟೆ. ಅದರಲ್ಲಿ ಒಂದೂವರೆ ಗಂಟೆ ವೇದಿಕೆಯವರ ಭಾಷಣ, ಹಾರ. ವೇದಿಕೆಯ ಮೇಜಿನ ಮೇಲೆ ಇದ್ದದ್ದು ಅಂಗಡಿಯಿಂದ ತಂದ ನೀರಿನ ಬಾಟಲಿಗಳು. ಊರಿನ ನೀರು ಶುದ್ಧವಾಗಿರಬೇಕು ಎಂದು ಹೇಳುತ್ತಾ ಅದನ್ನೇ ಕುಡಿದರು. ಯಾರಿಗೂ ನಾಚಿಕೆಯಾಗಲಿಲ್ಲ.

೧೬ ಜುಲೈ, ಬುಧವಾರ

ಶಿಡ್ಲಘಟ್ಟ. ಇಲ್ಲಿಯವರು ಚುರುಕು. ರೇಷ್ಮೆ ಹುಳು ಸಾಕುವ ಜನ — ಗಂಟೆ, ಶಾಖ, ಶುಚಿ, ಎಲ್ಲದರ ಲೆಕ್ಕ ಗೊತ್ತು.

ಮುಖ್ಯ ಪಾಠ ಆ ಚಿಕ್ಕ ಬಾಟಲಿಯದು. ಒಳಗೆ ಮದ್ದು ಇದೆ. ಗೆರೆಯ ತನಕ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದು ದಿನ ಇಡಬೇಕು. ನೀರಿಗೆ ಕಕ್ಕಸಿನ ಕೊಳೆ ಸೇರಿದ್ದರೆ ಬಾಟಲಿ ಕಪ್ಪಾಗುತ್ತದೆ. ಇಲ್ಲದಿದ್ದರೆ ಜೇನಿನ ಬಣ್ಣ ಹಾಗೇ.

ಹಲಸಗುಂಟೆಯ ಅಂಗನವಾಡಿ ಟೀಚರ್ ರೂಪ ಎಲ್ಲರಿಗಿಂತ ಮುಂದು. ಐದು ತಿಂಗಳ ಬಸುರಿ. ಮುಂದಿನ ಬೆಂಚಿನಲ್ಲಿ ಕೂತು ಒಂದೊಂದು ಮಾತೂ ಬರೆದುಕೊಂಡಳು. ಅದೇ ಊರಿನ ವಾಟರ್‌ಮ್ಯಾನ್ ಕೋನಪ್ಪ ಹಿಂದೆ ಕೂತು ತೂಕಡಿಸುತ್ತಿದ್ದ. ಎಬ್ಬಿಸಿದೆ.

"ನಮ್ಮಪ್ಪ ಕೆರೆ ನೀರ್ಗಂಟಿ ಸಾರ್. ತೂಬಿನ ಹತ್ರ ನಿಂತು ನೀರಿನ ಸದ್ದು ಕೇಳಿ ಹೇಳೋನು, ಎಷ್ಟ್ ಐತೆ, ಹೆಂಗೈತೆ ಅಂತ. ಬಾಟ್ಲಿ ಇರ್ಲಿಲ್ಲ."

"ಆ ಕಾಲ ಹೋಯ್ತಪ್ಪ. ಬಾಟಲಿ ಸುಳ್ಳು ಹೇಳಲ್ಲ."

"ನಾವ್ ಹೇಳ್ತೀವಲ್ಲ ಸಾರ್," ಅಂದ. ಎಲ್ಲರೂ ನಕ್ಕರು. ನಾನೂ.

ಒಂದೂವರೆಗೆ ಪಲಾವ್ ಬಂತು. ತರಬೇತಿ ಪುಸ್ತಿಕೆಯ ಕೊನೆಯ ಪುಟ, 'ಮಾದರಿ ತೆಗೆಯುವಾಗ ವಹಿಸಬೇಕಾದ ಎಚ್ಚರಿಕೆಗಳು', ಉಳಿದೇಹೋಯಿತು. "ಕೈ, ಪಾತ್ರೆ ಚೆನ್ನಾಗಿ ಶುಚಿ ಮಾಡಿಕೊಂಡು ನೀರು ಹಿಡೀರಿ, ಅಷ್ಟೇ. ಮಿಕ್ಕಿದ್ದು ಓದಿಕೊಳ್ಳಿ," ಅಂದೆ.

೧೭ ಜುಲೈ

ನಿವೃತ್ತಿಯಾದ ಮೇಲೆ ಈ ಓಡಾಟ ಯಾಕೆ ಎಂದು ಮನೆಯಲ್ಲಿ ಕೇಳುತ್ತಾರೆ. ಹೇಳಿಲ್ಲ. ಇಲ್ಲಿ ಬರೆಯುತ್ತೇನೆ.

ಅರವತ್ತಾರನೇ ಇಸವಿ. ನಮ್ಮ ಕೇರಿಯ ಬಾವಿ ಬತ್ತಿತ್ತು. ಊರ ಬಾವಿ ನಮಗಿರಲಿಲ್ಲ. ಕುಂಟೆಯಲ್ಲಿ ದನ ಇಳಿಯುತ್ತಿದ್ದ ನೀರನ್ನೇ ಸೋಸಿ ಕುಡಿದೆವು. ವಾಂತಿಭೇದಿ. ನಾಲ್ಕು ದಿನಕ್ಕೆ ಆರು ಜನ. ಐದನೆಯವಳು ನನ್ನ ತಂಗಿ. ಒಂಬತ್ತು ವರ್ಷ. ಸಾಯುವ ಮುಂಚೆಯೂ ನೀರನ್ನೇ ಕೇಳಿದಳು. ಅದೇ ನೀರು ಕೊಟ್ಟೆವು.

ಮೇಷ್ಟ್ರಾದ ಮೇಲೆ ಆ ಸಾವುಗಳ ಹಳೆಯ ಸರ್ಕಾರಿ ಕಡತ ಹುಡುಕಿಸಿದೆ. ಒಂದೇ ಸಾಲು: 'ನೀರಿನಲ್ಲಿ ದೋಷ ಕಂಡುಬಂದಿಲ್ಲ.' ಕೆಳಗೆ ರುಜು. ನೋಡದವನಿಗೆ ಎಲ್ಲಿಂದ ಕಾಣಬೇಕು? ಆ ರುಜುವಿನ ಬಾಲ ಹೇಗೆ ಸುತ್ತಿಕೊಂಡಿತ್ತು ಎಂಬುದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

೩ ಆಗಸ್ಟ್, ಭಾನುವಾರ

ಹಲಸಗುಂಟೆಗೆ ಹೋಗಿದ್ದೆ. ಮಳೆ ಹಿಡಿದಿದೆ. ನೀರಿನ ಒತ್ತಡ ಸಾಲದೆಂದು ಜನ ನೆಲ ಅಗೆದು ನಲ್ಲಿಗಳನ್ನು ಗುಂಡಿಯೊಳಗೆ ಇಳಿಸಿದ್ದಾರೆ. ಚೊಂಬು ಹಿಡಿದು ಬಗ್ಗಬೇಕು. ಕೋನಪ್ಪ ಬೀದಿಯ ತಿರುವಿನ ವಾಲ್ವ್ ಗುಂಡಿ ತೋರಿಸಿದ. ಮೊಣಕಾಲುದ್ದ ಚರಂಡಿ ನೀರು. ಅದರೊಳಗೆ ಪೈಪು, ಪೈಪಿನ ಜಾಯಿಂಟಿಗೆ ಸುತ್ತಿದ ಸೈಕಲ್ ಟ್ಯೂಬು.

ಮೋಟಾರು ನಿಂತ ಕೂಡಲೇ ಪೈಪು ಹೊರಗಿನದನ್ನು ಒಳಕ್ಕೆಳೆಯುತ್ತದೆ. ದಿನಕ್ಕೆ ಎಂಟು ಸಲ ಕರೆಂಟು ಹೋಗುತ್ತದೆ.

ರೂಪಳ ಅತ್ತೆ ಮುನಿಶಾಮಮ್ಮ ಹಿಪ್ಪುನೇರಳೆ ತೋಟದ ಬಾವಿಯಿಂದ ಬಿಂದಿಗೆ ಹೊತ್ತು ತರುತ್ತಿದ್ದರು. ಅರ್ಧ ಮೈಲಿ. ವಯಸ್ಸು ಅರವತ್ತರ ಮೇಲೆ.

"ಮನೆ ಮುಂದೆ ನಲ್ಲಿ ಇದೆಯಲ್ಲಮ್ಮ?"

"ಬಸ್ರಿ ಹೆಂಗ್ಸು ಸಾರ್. ನಲ್ಲಿ ನೀರು ವಾಸ್ನೆ ಹೊಡಿತೈತೆ. ಇವ್ಳಿಗೆ ಬಾವಿ ನೀರೇ, ಕಾಯ್ಸಿ ಆರ್ಸಿ."

"ಅತ್ತೆ, ಊರ್ಕೋ, ಸುಮ್ನಿರು," ಅಂತ ರೂಪ ಗದರಿದಳು. "ನಾನೇ ಟೆಸ್ಟ್ ಮಾಡೋಳು. ನನ್ ಮನೇಲೇ ನಂಬಲ್ಲ ಅಂದ್ರೆ ಊರು ನಂಬ್ತದಾ?"

ನೀರು ಬಿಡುವುದು ಬೆಳಗ್ಗೆ ಆರಕ್ಕೆ. ನನಗೆ ಇವತ್ತೇ ಸಂಜೆ ಐದರ ಬಸ್ಸು. "ನಾಳೆ ನೀನೇ ನೀರು ಹಿಡಿ, ಕಲಿತದ್ದನ್ನು ತೋರಿಸು," ಅಂದೆ. ವಾಲ್ವ್ ಗುಂಡಿ ನೋಡಿದ ಮೇಲೆ ಬಾಟಲಿ ಕಪ್ಪಾಗುವುದರಲ್ಲಿ ನನಗೆ ಅನುಮಾನವಿಲ್ಲ. ಕಪ್ಪು ಬಾಟಲಿಯನ್ನೇ ತೆಗೆದುಕೊಂಡು ಹೋಗಿ ಇಂಜಿನಿಯರ್ ಮೇಜಿನ ಮೇಲಿಡುತ್ತೇನೆ.

೫ ಆಗಸ್ಟ್, ಮಂಗಳವಾರ

ರೂಪ ಫೋನ್ ಮಾಡಿದಳು. ಬಾಟಲಿ ಕಪ್ಪಾಗಿಲ್ಲ.

ಮತ್ತೆ ಕೇಳಿದೆ. ಇಲ್ಲ ಸಾರ್, ಒಲೆ ಪಕ್ಕ ಇಟ್ಟಿದ್ದೆ, ಹಾಗೇ ಜೇನಿನ ಬಣ್ಣ. ಅದೇ ಚೊಂಬಿನ ನೀರಿಗೆ, ಕ್ಲೋರಿನ್ ಇದೆಯೇ ಎಂದು ತೋರಿಸುವ ಹನಿಯೂ ಹಾಕಿದ್ದಾಳೆ. ಚೆನ್ನಾಗಿ ಹಳದಿ ಬಂತಂತೆ. ಅಂದರೆ ನೀರಿಗೆ ಬ್ಲೀಚಿಂಗ್ ಪೌಡರ್ ಬಿದ್ದಿದೆ. ಕೋನಪ್ಪ ಕೆಲಸ ಮಾಡುತ್ತಿದ್ದಾನೆ. ಅವನನ್ನು ಫೋನಿಗೆ ಕರೆಸಿ ಹೊಗಳಿದೆ. "ಹೂಂ ಸಾರ್" ಅಂದ ಅಷ್ಟೇ.

ಆಮೇಲೆ ಮುನಿಶಾಮಮ್ಮನನ್ನೂ ಫೋನಿಗೆ ಕರೆಸಿದೆ. "ಮೂಗು ನಂಬಬೇಡಿ ಅಮ್ಮ. ಬಾಟಲಿ ನಂಬಿ. ಈ ವಯಸ್ಸಲ್ಲಿ ಬಿಂದಿಗೆ ಹೊರೋದು ಬೇಡ."

"ಓದ್ಕೊಂಡೋರು ಹೇಳ್ತೀರ," ಅಂದರು. ಸಿಟ್ಟೋ ಒಪ್ಪಿಗೆಯೋ ತಿಳಿಯಲಿಲ್ಲ.

೨೫ ಆಗಸ್ಟ್, ಸೋಮವಾರ

ಆದರೂ ಆ ಸೈಕಲ್ ಟ್ಯೂಬು ಮನಸ್ಸಿನಿಂದ ಹೋಗಲಿಲ್ಲ. ಅರ್ಜಿ ಬರೆದು ನೀರು ಸರಬರಾಜು ಕಚೇರಿಗೆ ಹೋದೆ. ಪೈಪು ಮೇಲೆತ್ತಬೇಕು, ಗುಂಡಿ ಕಟ್ಟಿಸಬೇಕು — ಮೂರು ಪುಟ.

ಇಂಜಿನಿಯರ್ ಚಿಕ್ಕ ವಯಸ್ಸಿನವರು, ವಿನಯವಂತರು. ಅದೇ ಕಷ್ಟ. ಒರಟನಾಗಿದ್ದರೆ ಜಗಳ ಆಡಬಹುದಿತ್ತು. ರಿಜಿಸ್ಟರಿನ ನಕಲು ತೆಗೆದು ನನ್ನ ಮುಂದಿಟ್ಟರು. ಹಲಸಗುಂಟೆ: ಮೂರು ವಾರ, ಮೂರು ಬಾಟಲಿ. ರೂಪಳ ದುಂಡು ಅಕ್ಷರ. 'ದೋಷ ಕಂಡುಬಂದಿಲ್ಲ. ದೋಷ ಕಂಡುಬಂದಿಲ್ಲ. ದೋಷ ಕಂಡುಬಂದಿಲ್ಲ.'

"ನೀವೇ ತಯಾರು ಮಾಡಿದ ಜನ ಸಾರ್. ಅವರನ್ನ ನಂಬಲೋ, ನಿಮ್ಮ ಅರ್ಜಿ ನಂಬಲೋ? ಕಪ್ಪಾದ ಊರುಗಳಿಗೆ ಮೊದಲು ದುಡ್ಡು ಹಾಕ್ತೀವಿ."

ತರಬೇತಿದಾರರ ರುಜು ಕಾಲಂ ಖಾಲಿ ಇತ್ತು. ಪೆನ್ನು ಕೊಟ್ಟರು. ಹಾಕಿದೆ.

ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುವಾಗ ಆ ವಾಕ್ಯವನ್ನು ಎಲ್ಲಿ ಓದಿದ್ದೆ ಎಂದು ನೆನಪಾಯಿತು. ಅರವತ್ತಾರರ ಆ ಕಡತದಲ್ಲಿ, ರುಜುವಿನ ಮೇಲೆ.

೨೯ ಸೆಪ್ಟೆಂಬರ್, ಸೋಮವಾರ

ತಿಂಗಳ ಮೇಲಾಯಿತು ಬರೆದು. ಬರೆಯುವಂಥದ್ದು ಇರಲಿಲ್ಲ ಅಂದುಕೊಂಡಿದ್ದೆ.

ಮಧ್ಯಾಹ್ನ ಕೋನಪ್ಪನ ಫೋನು. ಹಲಸಗುಂಟೆಯಲ್ಲಿ ಕಾಮಾಲೆ. ಮೊದಲು ಪೆದ್ದಮ್ಮ ಎನ್ನುವ ಮುದುಕಿ, ಆಮೇಲೆ ಮಗ್ಗುಲು ಮನೆಯ ಇಬ್ಬರು. ಈಗ ಏಳು. ಎಲ್ಲರೂ ನಾಟಿ ಔಷಧಿಗೆ ಹೋಗಿ ಬರುತ್ತಿದ್ದಾರೆ.

"ರೂಪ?"

"ಚೆನ್ನಾಗವ್ಳೆ ಸಾರ್. ಇವತ್ತೂ ಬಾಟ್ಲಿ ತುಂಬಿದ್ಲು."

ಕೊಳೆ ನೀರಿನಿಂದ ಹರಡುವ ಈ ಕಾಮಾಲೆ ಬಸುರಿಯರಿಗೆ ಬಂದರೆ ಏನಾಗುತ್ತದೆ ಎಂದು ಪುಸ್ತಕ ತೆಗೆದು ಓದಿದೆ. ಓದಬಾರದಿತ್ತು. ಮುಚ್ಚಿಟ್ಟೆ. ಎಂಟು ವಾರದ ಎಂಟು ಬಾಟಲಿಯೂ ಶುದ್ಧ... ಬೇರೆ ಕಾರಣ ಇರಬೇಕು. ಮದುವೆ ಊಟ, ಹೋಟೆಲ್ಲು, ಏನೋ.

ಹೀಗೆ ಬರೆದದ್ದು ನನ್ನ ಕೈಯೇ? ಯಾವುದೋ ಕಚೇರಿಯವನು ಬರೆದ ಹಾಗಿದೆ.

ಶನಿವಾರದ ತನಕ ಚಿಂತಾಮಣಿಯಲ್ಲಿ ಎರಡನೇ ತಂಡದ ತರಬೇತಿ. ಸೋಮವಾರ ಮೊದಲ ಬಸ್ಸಿಗೆ ಹಲಸಗುಂಟೆ.

೬ ಅಕ್ಟೋಬರ್, ಸೋಮವಾರ. ಬೆಳಗ್ಗೆ ೯. ಶಿಡ್ಲಘಟ್ಟ ಬಸ್‌ಸ್ಟ್ಯಾಂಡ್

ಆದದ್ದು ಆದ ಹಾಗೆ ಬರೆಯಬೇಕು.

ಆರಕ್ಕೆ ಐದು ನಿಮಿಷ ಮುಂಚೆ ರೂಪಳ ಮನೆ ತಲುಪಿದೆ. ರೇಷ್ಮೆ ಹುಳು ನಾಲ್ಕನೇ ಜ್ವರ ದಾಟಿದೆ, ಕೊನೆಯ ಪೊರೆ ಬಿಟ್ಟಿದೆ; ಇನ್ನು ವಾರಕ್ಕೆ ಗೂಡು ಕಟ್ಟುತ್ತದೆ. ಮನೆಯವರೆಲ್ಲ ಸೊಪ್ಪು ಹಾಕುತ್ತಿದ್ದರು. ಹುಳು ಸೊಪ್ಪು ಮೇಯುವ ಸದ್ದು ಹೊರಗಿನ ತನಕ. ಹುಳದ ಮನೆಯ ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಬೇಸಿನ್ನು. ಬ್ಲೀಚಿಂಗ್ ನೀರು. ಕೈ ಅದ್ದದೆ ಯಾರೂ ಒಳಗೆ ಕಾಲಿಡುವುದಿಲ್ಲ — ಹುಳಕ್ಕೆ ರೋಗ ತಗುಲೀತು ಎಂದು. ಈ ಸೀಮೆಯಲ್ಲಿ ಹುಳು ಸಾಕುವ ಪ್ರತಿ ಮನೆಯಲ್ಲೂ ಇರುವ ಬೇಸಿನ್ನು. ನಾನು ನೂರು ಸಲ ನೋಡಿದ್ದೇನೆ.

ನಲ್ಲಿಯಲ್ಲಿ ನೀರು ಬಂತು. ರೂಪ ಎದ್ದಳು. ತುಂಬು ಹೊಟ್ಟೆ, ಒಂದು ಕೈ ಗೋಡೆಗೆ. ಬೇಸಿನ್ನಿನಲ್ಲಿ ಎರಡೂ ಕೈ ಮೊಣಕೈ ತನಕ ಅದ್ದಿದಳು. ಸ್ಟೀಲ್ ಚೊಂಬನ್ನೂ ಅದ್ದಿದಳು. ಒಳಗೆ, ಹೊರಗೆ, ತಿರುಗಿಸಿ. ಒಮ್ಮೆ ಕೊಡವಿ, ಹಾಗೇ ನಲ್ಲಿ ಗುಂಡಿಗೆ ಬಗ್ಗಿ ನೀರು ಹಿಡಿದಳು. ಬಾಟಲಿಗೆ ಸುರಿದಳು.

"ಯಾವಾಗಲೂ ಹೀಗೇನಾ ಅಮ್ಮ?"

"ಹೂಂ ಸಾರ್. ನೀವೇ ಹೇಳಿದ್ರಲ್ಲ, ಕೈ, ಪಾತ್ರೆ ಚೆನ್ನಾಗಿ ಶುಚಿ ಮಾಡಿ ಅಂತ. ನಮ್ಗೆ ಇದಕ್ಕಿಂತ ಶುಚಿ ಇನ್ನೇನೈತೆ?"

ಹೆಮ್ಮೆಯಿಂದ ಹೇಳಿದಳು.

ಚೊಂಬಿಗೆ ಅಂಟಿದ ಬ್ಲೀಚಿಂಗ್ ಸಾಕು. ಬಾಟಲಿ ಸೇರುವ ಮೊದಲೇ ರೋಗಾಣು ಸಾಯುತ್ತದೆ. ಕುಡಿಯುವ ಬಿಂದಿಗೆಯನ್ನು ಯಾರೂ ಬ್ಲೀಚಿಂಗಿನಲ್ಲಿ ಅದ್ದುವುದಿಲ್ಲ. ಒಂಬತ್ತು ವಾರ ನಾವು ಪರೀಕ್ಷಿಸಿದ್ದು ಚೊಂಬಿನ ಬ್ಲೀಚಿಂಗನ್ನು.

ಕೋನಪ್ಪನನ್ನು ಕರೆದೆ. "ಟ್ಯಾಂಕಿಗೆ ಪೌಡರ್ ಹಾಕ್ತಿದ್ದೀಯಾ?"

ನೆಲ ನೋಡಿದ. "ಮೇ ತಿಂಗ್ಳಿಂದ ಸಪ್ಲೈ ಇಲ್ಲ ಸಾರ್."

"ಮತ್ತೆ ಹೊಗಳಿದಾಗ ಸುಮ್ಮನಿದ್ದೆಯಲ್ಲೋ?"

"ಮೂವತ್ ವರ್ಷದಾಗೆ ಒಂದ್ ಸಲ ಸಾರ್, ಒಬ್ರು ಹೊಗಳಿದ್ದು."

ಬೇರೆ ಚೊಂಬನ್ನು ಒಲೆಯ ಮೇಲೆ ಕುದಿಸಿ, ಆರಿಸಿ, ನಾನೇ ಬಗ್ಗಿ ನೀರು ಹಿಡಿದೆ. ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ಅಂಗಿಯ ಒಳಗೆ ಇಟ್ಟುಕೊಂಡಿದ್ದೇನೆ. ಮೈಶಾಖಕ್ಕೆ.

"ಇನ್ನು ಬಾವಿ ನೀರೇ ಕುಡಿ, ಕಾಯಿಸಿ," ಅಂತ ರೂಪಳಿಗೆ ಹೇಳಿದೆ. ತಲೆಯಾಡಿಸಿದಳು. ತಟ್ಟೆಯಲ್ಲಿ ಬೆಳಗಿನ ಉಪ್ಪಿಟ್ಟು ಮುಟ್ಟದೆ ಇತ್ತು. "ಎರಡ್ ದಿನದಿಂದ ಊಟ ಸೇರ್ತಿಲ್ಲ ಸಾರ್. ಹುಳದ ಕೆಲಸ, ನಿದ್ದೆ ಇಲ್ಲ, ಅಷ್ಟೇ."

ಅಷ್ಟೇ ಇರಲಿ.

೭ ಅಕ್ಟೋಬರ್. ಬೆಳಗ್ಗೆ ೬

ಟವೆಲ್ ಬಿಚ್ಚಿದೆ. ಕಪ್ಪು. ಇದ್ದಿಲ ಕಪ್ಪು.

ಮುನಿಶಾಮಮ್ಮ ಫೋನ್ ಎತ್ತಿದರು. ರೂಪಳ ಕಣ್ಣು ಹಳದಿಯಾಗಿದೆಯಂತೆ. ಮಾತು ತೊದಲುತ್ತಿದೆಯಂತೆ. ಕಾರು ಮಾಡಿಕೊಂಡು ಚಿಕ್ಕಬಳ್ಳಾಪುರಕ್ಕೆ ಕರೆತನ್ನಿ, ತಕ್ಷಣ, ನಾನು ಆಸ್ಪತ್ರೆ ಬಾಗಿಲಲ್ಲಿ ಇರುತ್ತೇನೆ ಅಂದೆ.

ಸಂಜೆ ೫

ಬೆಂಗಳೂರಿಗೆ ಕಳಿಸಿದರು. ಆಂಬುಲೆನ್ಸಿಗೆ ಏರಿಸುವಾಗ ನನ್ನನ್ನು ಗುರುತು ಹಿಡಿಯಲಿಲ್ಲ. ಅದಕ್ಕೂ ಮುಂಚೆ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: ಯಾವ ನೀರು ಕುಡಿಯುತ್ತಿದ್ದಳು?

ಮುನಿಶಾಮಮ್ಮ ನನ್ನ ಕಡೆ ಕೈ ತೋರಿಸಿದರು. "ಇವ್ರನ್ನ ಕೇಳಿ. ನಾನು ಬಾವಿ ನೀರು ಹೊರ್ತಿದ್ದೆ. ಬ್ಯಾಡ ಅಂದೋರು ಇವ್ರು."

ದನಿ ಏರಿಸಲಿಲ್ಲ. ಏರಿಸಬಹುದಿತ್ತು.

೮ ಅಕ್ಟೋಬರ್, ಬುಧವಾರ. ಆಯುಧಪೂಜೆ

ಕಚೇರಿಗೆ ಬೀಗ. ಜೀಪಿಗೆ ಬಾಳೆಕಂದು ಕಟ್ಟಿದ್ದಾರೆ. ಕಪ್ಪು ಬಾಟಲಿ ಜೇಬಿನಲ್ಲೇ ಇದೆ. ಬೆಂಗಳೂರಿನಿಂದ ಸುದ್ದಿ ಇಲ್ಲ. ಹಲಸಗುಂಟೆಯಲ್ಲಿ ಕೋನಪ್ಪ ಬೆಳಗ್ಗೆಯಿಂದ ನೀರು ಬಿಟ್ಟಿಲ್ಲ. ಮೋಟಾರಿಗೆ ಪೂಜೆ ಮಾಡಿ, ಮನೆ ಬಾಗಿಲಿಗೆ ಜನ ಬಂದರೂ ಬೀಗದ ಕೈ ಕೊಡಲಿಲ್ಲವಂತೆ.

ಶಿಡ್ಲಘಟ್ಟದ ತರಬೇತಿ ಪಟ್ಟಿ ತೆಗೆದೆ. ಬಾಟಲಿ ತುಂಬುವವರದ್ದು ನಲವತ್ತು ಹೆಸರು, ಊರಿಗೊಬ್ಬರು. ಅದರಲ್ಲಿ ಹುಳು ಸಾಕುವ ಮನೆಯವರು ಇಪ್ಪತ್ತೊಂಬತ್ತು. ಇಪ್ಪತ್ತೊಂಬತ್ತು ಊರು. ಒಂದು ಊರಿನ ಬಾಟಲಿಯೂ ಈವರೆಗೆ ಕಪ್ಪಾಗಿಲ್ಲ. ಅದನ್ನೇ ನಾನು ಚಿಂತಾಮಣಿಯವರಿಗೆ ಮಾದರಿ ಎಂದು ಹೇಳಿ ಬಂದಿದ್ದೆ.

ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಹನ್ನೊಂದು ಜನ ಸಿಕ್ಕರು. ಚೊಂಬು ಹೇಗೆ ತೊಳೆಯುತ್ತೀರಿ ಎಂದು ಕೇಳಿದೆ. ಒಂಬತ್ತು ಜನ ಅದೇ ಉತ್ತರ ಕೊಟ್ಟರು, ರೂಪಳ ಅದೇ ಹೆಮ್ಮೆಯಲ್ಲಿ. ಒಬ್ಬಳು ಅಂದಳು, "ನೀವ್ ಹೇಳಿದ್ ಒಂದ್ ಮಾತೂ ಮರ್ತಿಲ್ಲ ಸಾರ್."

ಉಳಿದವರನ್ನು ಹುಡುಕಬೇಕು. ಅದಕ್ಕೆ ಮೊದಲು ವರದಿ. ಎರಡು ಹಾಳೆ ಹರಿದು ಹಾಕಿದೆ. ಎರಡರಲ್ಲೂ ಕಚೇರಿ, ಪೈಪು, ಪೌಡರು, ಸೈಕಲ್ ಟ್ಯೂಬು ಎಲ್ಲ ಇತ್ತು. ಎಲ್ಲ ನಿಜವೇ. ಮೂರನೆಯದನ್ನು ಮೊದಲು ಇಲ್ಲೇ ಬರೆದು ನೋಡುತ್ತೇನೆ.

'ಹಲಸಗುಂಟೆ ಗ್ರಾಮದ ಕುಡಿಯುವ ನೀರಿನಲ್ಲಿ ದೋಷ ಇತ್ತು. ಒಂಬತ್ತು ವಾರ ಅದು ಕಂಡುಬರದಂತೆ ಕಲಿಸಿಕೊಟ್ಟವನು, ನಿವೃತ್ತ ಶಿಕ್ಷಕ ನಲ್ಲಪ್ಪನಾದ ನಾನು.'