ಚೀಲದೊಳಗಿನ ಶಾಲು

ಅಪ್ಪಾ,

ನೀನು ಬದುಕಿದ್ದರೆ ಇವತ್ತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಹಾನಗಲ್ಲಿನಲ್ಲಿ ನಮ್ಮ ಓದುಗರ ಬಳಗ, ಮೆಚ್ಚಿನ ವಿಡಂಬನೆಗಳನ್ನು ಓದುವ ಸಭೆ ಇಟ್ಟುಕೊಂಡಿತ್ತು. ದೊಡ್ಡವರ ಬರಹಗಳ ನಡುವೆ ನಾನು ನಿನ್ನ ಕತೆ ಓದಿದೆ. ಅದೇ, ಯಾರಾದರೂ ಸನ್ಮಾನ ಮಾಡಿಯಾರೆಂದು ಪ್ರತಿ ಸಭೆಗೂ ಚೀಲದಲ್ಲಿ ತನ್ನದೇ ಶಾಲು ಒಯ್ಯುವವನ ಕತೆ.

ಮುಂದಿನ ಸಾಲಿನಲ್ಲಿ ಯಾರು ಕುಳಿತಿದ್ದರು ಗೊತ್ತೇ? ಉಳಿವೆಪ್ಪ ಕಾಕಾ! ಯಾರನ್ನು ನೋಡಿ ಆ ಕತೆ ಬರೆದೆಯೋ ಅವರೇ. ಅದು ಅಚ್ಚಾದ ಮೇಲೆ ಯಾರ ಓಣಿ ತಪ್ಪಿಸಿ, ಸುತ್ತುಹಾಕಿ ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದೆಯೋ ಅವರೇ. ನಾನು ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದು ಓದಿದೆ. ಅವರೋ ಟೊಪ್ಪಿಗೆ ತೆಗೆದು, ಕಣ್ಣೊರೆಸಿಕೊಳ್ಳುತ್ತ ನಕ್ಕರು.

“ಎಂಥೆಂಥಾ ಮಂದಿ ಇರ್ತಾರ ನೋಡವಾ! ಇಂವಾ ಖರೇನ ಸವಣೂರ ಕಡ್ಯಾಂವ ಇರಬೇಕು.”

ಕೊನೆಗೆ ಸನ್ಮಾನ. ವೇದಿಕೆಯ ಗಣ್ಯರಿಗೆ ಹೊದಿಸುವಷ್ಟರಲ್ಲೇ ಶಾಲುಗಳು ಮುಗಿದು, ಓದಿದ ನನಗೆ ಒಂದೂ ಉಳಿಯಲಿಲ್ಲ.

“ತಡೀರಿ, ನನ್ನ ಕಡೆ ಒಂದ ಐತಿ,” ಎನ್ನುತ್ತ ಕಾಕಾ ಎದ್ದು ಚೀಲಕ್ಕೆ ಕೈಹಾಕಿದರು.

ಸಭೆ ಬಿದ್ದು ಬಿದ್ದು ನಕ್ಕಿತು. ಯಾಕೆಂದು ತಿಳಿಯದೆ ಅವರೂ ನಕ್ಕರು. ನನಗೆ ಶಾಲು ಹೊದಿಸುತ್ತ ಮೆಲ್ಲಗೆ ಹೇಳಿದರು: “ಇದನ್ನ ನಿಮ್ಮಪ್ಪಗ ಹೊದಸಬೇಕಂತ ಭಾಳ ಆಸೆ ಇತ್ತವಾ. ಆದರ ಆ ಮಾರಾಯ ಕಡೀತನಕ ನಮ್ಮ ಓಣ್ಯಾಗ ಕಾಲಿಡ್ಲೇ ಇಲ್ಲ ನೋಡು.”

ನಾಳೆ ಈ ಶಾಲು ಹೊದ್ದುಕೊಂಡೇ ಅವರ ಓಣಿಯಲ್ಲಿ ಹಾದುಹೋಗುತ್ತೇನೆ, ಅಪ್ಪಾ.

ಶೈಲಾ