ನಾಳೆ ಸ್ನಾನ ಮಾಡಿದೆ

ಭಾನುವಾರ, ಮಾರ್ಚ್ ೧೭

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನಿನ್ನ ಎರಡು ಪತ್ರಗಳೂ ಮೇಜಿನ ಮೇಲೆ ಕೂತು ನನ್ನನ್ನೇ ದುರುಗುಟ್ಟಿ ನೋಡುತ್ತಿವೆ. ಬಾಯಿಬಡುಕಿ ಅಂತ ನನಗೆ ಹೆಸರಿಟ್ಟವಳೇ ನೀನು. ಅಂಥವಳು ಇಷ್ಟು ದಿನ ಸುಮ್ಮನಿದ್ದಾಳೆಂದರೆ ಕಾರಣ ಇಲ್ಲದೆ ಇರುತ್ತದೆಯೇ? ಬೈಯಬೇಡ, ಓದು.

ಆಪರೇಷನ್ ಮಾಡಿ ಇವರ ತಲೆಯೊಳಗಿನ ಗೆಡ್ಡೆ ತೆಗೆದರಲ್ಲ, ಆ ಗಾಯ ಚೆನ್ನಾಗಿ ಒಣಗಿದೆ. ಕೂದಲೂ ಚಿಗುರುತ್ತಿದೆ. ಊಟ ಸೇರುತ್ತದೆ, ಉಪ್ಪು ಕಮ್ಮಿಯಾದರೆ ಜಗಳವನ್ನೂ ಆಡುತ್ತಾರೆ. ಹೋಗಿರುವುದು ನಾಳೆಯ ಮಾತು ಮಾತ್ರ. ನೌಕರಿಯುದ್ದಕ್ಕೂ ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಬರಲಿದೆ, ಯಾವುದು ಹೊರಡಲಿದೆ ಎಂದು ಜನಕ್ಕೆಲ್ಲ ಸಾರಿದ ಮನುಷ್ಯ ಈಗ "ನಾಳೆ ಸ್ನಾನ ಮಾಡಿದೆ" ಅನ್ನುತ್ತಾರೆ. ಹಾಗಾದರೆ ನಾಳೆ ನೀರು ಕಾಯಿಸುವ ಕೆಲಸ ಉಳಿಯಿತು ಅಂದೆ. ಇಬ್ಬರೂ ನಕ್ಕೆವು. ಆಮೇಲೆ ನಾನು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ.

ಪೂರ್ತಿ ಹೋಗಿದೆ ಅಂತಲೂ ಅಲ್ಲ. ಹಾಲು ಉಕ್ಕೀತು, ಲೋಟ ಬಿದ್ದೀತು, ನೀನು ಜಾರಿ ಬಿದ್ದೀಯ, ಇಂಥವು ಸಲೀಸಾಗಿ ಬರುತ್ತವೆ. ಇದೇನು ಹೀಗೆ, ಅಪಶಕುನದ್ದೇ ಬರುತ್ತದಲ್ಲ ಅಂತ ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿಯನ್ನು ಕೇಳಿದೆ. ಅವಳು ಬಿಡಿಸಿ ಹೇಳಿದಳು. ಆಗಲಿ ಎಂದು ಆಸೆಪಡುವುದನ್ನು ಮಿದುಳು ಹತ್ತಿರಕ್ಕೆ ಎಳೆದುಕೊಂಡು, ಕಣ್ಣಿಗೆ ಕಟ್ಟುವ ಹಾಗೆ ನೋಡುತ್ತದಂತೆ, ಆಗ ಬಾಯಲ್ಲಿ 'ಆಗುತ್ತೆ' ಎಂದು ಬರುತ್ತದಂತೆ. ಹೆದರುವುದನ್ನು ಅಷ್ಟು ದೂರಕ್ಕೆ ತಳ್ಳಿ 'ಆದೀತು' ಅನ್ನುತ್ತದಂತೆ. ಇವರಲ್ಲಿ ಹೆದರಿಕೆಯ ನಾಳೆ ಉಳಿದಿದೆ, ಆಸೆಯ ನಾಳೆ ಇನ್ನೂ ಬರಬೇಕು ಅಂದಳು.

ಆ ಹುಡುಗಿಯ ಕಿವಿ ಚುರುಕು. ನನ್ನನ್ನೂ ಬಿಡಲಿಲ್ಲ. ಮುಂದಿನ ವಾರದ ಬಗ್ಗೆ ಏನು ಕೇಳಿದರೂ ನಾನು 'ನೋಡೋಣ' ಅಂತಲೇ ಹೇಳುತ್ತೇನಂತೆ. ಅದು ನಮ್ಮ ಅಮ್ಮನ ಮಾತು ಕಣಮ್ಮ ಎಂದು ತಪ್ಪಿಸಿಕೊಂಡೆ. ಮನೆಗೆ ಬಂದು ನೆನೆಸಿಕೊಂಡರೆ ಹೌದು, ಆಪರೇಷನ್ ಆದಾಗಿನಿಂದ ನಾನೂ ಒಂದು ಸಲವೂ 'ಆಗುತ್ತೆ' ಅಂದಿಲ್ಲ.

ಇವರಿಗೆ ಇಷ್ಟವಾದುದನ್ನೇ ಕೇಳುತ್ತಿರಿ, ಆಸೆ ಮಾತನ್ನು ಎಳೆದು ತರುತ್ತದೆ ಎಂದಿದ್ದಳು. ದಿನಾ ಕಾಫಿ ಲೋಟ ಮುಂದಿಟ್ಟು, ಈಗೇನು ಮಾಡ್ತೀರಿ ಎಂದು ಕೇಳುವೆ. "ಕುಡಿದೆ" ಅನ್ನುತ್ತಾರೆ, 'ಕುಡೀತೀನಿ' ಬರುವುದಿಲ್ಲ. ಕಾಫಿ ಆರಿ ನೀರಾಗುವವರೆಗೂ ಕೇಳುವೆ. ಕೊನೆಗೆ ರೇಗಿ, ಲೋಟ ಕಿತ್ತುಕೊಂಡು ಕುಡಿದೇಬಿಡುತ್ತಾರೆ. ಆ ಒಂದು ಮಾತು ಬಂದರೆ ಮನುಷ್ಯನೂ ನನಗೆ ದಕ್ಕಿದ ಹಾಗೆ ಎಂದು ನಂಬಿ ಕೂತಿದ್ದೆ ಅಕ್ಕ. ಹುಚ್ಚು ಅನ್ನು, ಏನಾದರೂ ಅನ್ನು.

ಮೊನ್ನೆ ಬಂತು. ಆಸ್ಪತ್ರೆಯಲ್ಲಿ, ಆ ಹುಡುಗಿಯ ಮುಂದೆಯೇ, ಒಂದಲ್ಲ ಎರಡು ವಾಕ್ಯ, ಎರಡರಲ್ಲೂ ಒಂದಕ್ಷರ ತಪ್ಪಿಲ್ಲ. ಅವಳಿಗೆ ಹಿಡಿಸಲಾರದ ಸಂತೋಷ. ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ, ತಟ್ಟಲೇಬೇಕಲ್ಲ.

ಭಾವನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದರೆ ಕೇಳುವ ಜೀವವಲ್ಲ ಅದು. ನಿನ್ನ ಮೊಮ್ಮಗಳ ಕೆನ್ನೆಗೆ ನನ್ನದೊಂದು ಮುತ್ತು ಕೊಡು. ನೂರು ಕಾಲ ಬಾಳಲಿ, ಮನೆ ತುಂಬ ಓಡಾಡಿಕೊಂಡಿರಲಿ.

ನಿನ್ನ
ಬಾಯಿಬಡುಕಿ

ತಾ.ಕ.: ಆ ಎರಡು ವಾಕ್ಯ ಏನೆಂದು ಬರೆಯದೆ ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ಅದರ ಹಿಂದಿನ ದಿನ ದೊಡ್ಡ ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು, ಗೆಡ್ಡೆ ಮತ್ತೆ ಬೆಳೆದಿದೆ, ಇನ್ನು ಆಪರೇಷನ್ ಮಾಡುವಂತಿಲ್ಲ ಎಂದಿದ್ದರು. ಇವರಿಗೆ ನಾನು ಹೇಳಿಲ್ಲ, ಯಾರೂ ಹೇಳಿಲ್ಲ. ಹುಡುಗಿ ಒಂದು ಮನೆಯ ಚಿತ್ರ ಮುಂದಿಟ್ಟು, ಮುಂದೆ ಏನಾಗುತ್ತೆ ಹೇಳಿ ಎಂದಳು. ಇವರು ಚಿತ್ರ ನೋಡಲೇ ಇಲ್ಲ. ನನ್ನನ್ನು ನೋಡಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.

"ನಾನು ಹೋಗ್ತೀನಿ. ನೀನು ಇರ್ತೀಯ."

'ಹೋದೇನು' ಅನ್ನಲಿಲ್ಲ ಅಕ್ಕ. ನಾನು ಚಪ್ಪಾಳೆಯ ನಡುವೆಯೇ ಬಗ್ಗಿ, "ಹೋಗ್ಬರ್ತೀನಿ ಅನ್ರಿ" ಅಂದೆ. ಅಲ್ಲ ಎಂದು ತಲೆಯಾಡಿಸಿದರು. ನನ್ನ ಕೈ ಹಿಡಿದುಕೊಂಡು, ನನ್ನ ತಪ್ಪು ತಿದ್ದುವ ಹಾಗೆ, ಮತ್ತೆ ಹೇಳಿದರು.

"ಹೋಗ್ತೀನಿ."